ದವಾಖಾನೆಯ ಬಿಲ್ ಕೈಗೆ ಬಂದಾಗ



ವಿದ್ಯಾರ್ಥಿವೇತನದ ವರದಿಯಲ್ಲಿ ದವಾಖಾನೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು ಫೀಗೆಂದು ತೆಗೆದಿಟ್ಟ ಹಣ ಕರಗುವುದು ದವಾಖಾನೆಯ ಕೌಂಟರಿನಲ್ಲಿಯೇ. ಅಲ್ಲಿ ನಾವು ಎಷ್ಟಾಯಿತು ಎಂದಷ್ಟೇ ಕೇಳುತ್ತೇವೆ, ಯಾವುದಕ್ಕೆ ಎಷ್ಟು ಎಂದು ಕೇಳುವುದಿಲ್ಲ.

ಕೇಳಲು ಕಾನೂನಿನ ಬಲವಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು. 2017ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರಂತೆ ಆಸ್ಪತ್ರೆಯವರು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ತುರ್ತು ಸಂದರ್ಭದಲ್ಲಿ ಮುಂಗಡ ಕಟ್ಟಿದರೆ ಮಾತ್ರ ಚಿಕಿತ್ಸೆ ಎನ್ನುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಹಣಕ್ಕಾಗಿ ಮಯ್ಯತ್ ತಡೆದಿಡುವಂತಿಲ್ಲ. ದಫನ್ ಬೇಗ ಆಗಬೇಕೆಂಬ ಆತುರದಲ್ಲಿ ಬಡ್ಡಿಗೆ ಸಾಲ ತಂದು ಕಟ್ಟುವವರು ಇದನ್ನು ತಿಳಿದಿರಬೇಕು. ಬಾಕಿ ಮಾಫಿ ಆಗುತ್ತದೆ ಎಂದಲ್ಲ. ಅದನ್ನು ಅವರು ನಂತರ ವಸೂಲು ಮಾಡಿಕೊಳ್ಳಬೇಕು.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಮ್ಮವರು ಎಡವುವುದು ಇಲ್ಲಿ: ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಅದಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿ, ಆಮೇಲೆ ಕಾರ್ಡು ತೋರಿಸಿದರೆ ಕಷ್ಟ. ಯೋಜನೆಯ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು ಸೇರಿಸುವ ದಿನವೇ ಕಾಣಿರಿ. ಯೋಜನೆಯಡಿ ಸೇರಿಸಿಕೊಂಡ ಮೇಲೂ ಹಣ ಕೇಳಿದರೆ 14555ಕ್ಕೆ ಕರೆ ಮಾಡಿರಿ.

ಬಿಲ್ ಹೆಚ್ಚಾಗಿದೆ ಅನ್ನಿಸಿದರೆ ಕೂಗಾಡುವುದರಿಂದ ಪ್ರಯೋಜನವಿಲ್ಲ, ಕಾಗದ ಬೇಕು. ಔಷಧ, ಕೊಠಡಿ, ತಪಾಸಣೆ, ಡಾಕ್ಟರ ಫೀ ಬೇರೆಬೇರೆಯಾಗಿ ಬರೆದ ಬಿಲ್ ಕೇಳಿ ಪಡೆಯಿರಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಅದರ ಹೆಸರು, ಬೆಲೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿರಬೇಕು. 2017ರಿಂದ ಸ್ಟೆಂಟಿಗೆ ಕೇಂದ್ರ ಸರಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ. ಎಷ್ಟೋ ಸಲ ವ್ಯವಸ್ಥಾಪಕರಿಗೆ ಕೊಟ್ಟ ಒಂದು ಪುಟದ ಪತ್ರದಿಂದಲೇ ತಪ್ಪು ಸರಿಯಾಗುತ್ತದೆ. ಆಗದಿದ್ದರೆ ಬಾಗಲಕೋಟೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳೇ ಅದರ ಸದಸ್ಯ ಕಾರ್ಯದರ್ಶಿ.

ನಮ್ಮವರು ಮಿರಜ್, ಸಾಂಗ್ಲಿಗೂ ಹೋಗುತ್ತಾರೆ. ಅಲ್ಲಿಗೆ ಕರ್ನಾಟಕದ ಈ ಕಾನೂನು ನಡೆಯುವುದಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು, ಅಂದರೆ ಬಾಗಲಕೋಟೆಯ ಗ್ರಾಹಕ ಆಯೋಗದಲ್ಲಿ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು. ಸಲಹೆಗೆ 1915.

ಪತ್ರ ಬರೆಯಲು ನೆರವು ಬೇಕಾದವರು ಬಿಲ್, ರಸೀದಿ, ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್ ತೆಗೆದುಕೊಂಡು ಟ್ರಸ್ಟಿನ ಕಚೇರಿಗೆ ಬನ್ನಿರಿ. ಇದಕ್ಕಾಗಿ ಬಂದವರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನು ಬೇರೆಯಾಗಿಯೇ ಪರಿಶೀಲಿಸುತ್ತೇವೆ. ಒಂದರಿಂದ ಇನ್ನೊಂದಕ್ಕೆ ತೊಂದರೆಯಾಗದು.