ವಿಡಿಯೊ ಕಾಲ್‌ನಲ್ಲಿ ಪೊಲೀಸರು ನಿಮ್ಮನ್ನು ಅರೆಸ್ಟ್ ಮಾಡಬಹುದೇ?

ಇಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಆದರೂ ಓದಿದವರು, ನೌಕರಿ ಮಾಡಿ ನಿವೃತ್ತರಾದವರೂ ಈ ಮೋಸಕ್ಕೆ ಬೀಳುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಇಂಥ ಕರೆಗಳಿಗೆ ಹೆದರಿ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಳೆದುಕೊಂಡರು. ಹಣ ಕೊಟ್ಟರೂ ಬೆದರಿಕೆ ನಿಲ್ಲಲಿಲ್ಲ. ಕೊನೆಗೆ ಇಬ್ಬರೂ ಜೀವ ಕಳೆದುಕೊಂಡರು.

ಮೋಸ ನಡೆಯುವುದು ಹೇಗೆ?

ಮೊದಲು ಒಂದು ಕರೆ ಬರುತ್ತದೆ. ‘ನಿಮ್ಮ ಹೆಸರಿನ ಸಿಮ್‌ನಿಂದ ಅಪರಾಧ ನಡೆದಿದೆ’ ಅಥವಾ ‘ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಎನ್ನುತ್ತಾರೆ. ಆಮೇಲೆ ವಾಟ್ಸ್‌ಆ್ಯಪ್ ವಿಡಿಯೊ ಕಾಲ್‌ನಲ್ಲಿ ಖಾಕಿ ತೊಟ್ಟ ವ್ಯಕ್ತಿ ಕಾಣಿಸಿಕೊಳ್ಳುತ್ತಾನೆ. ಸರ್ಕಾರಿ ಮೊಹರಿನ ನಕಲಿ ಪತ್ರ ಕಳಿಸುತ್ತಾನೆ. ‘ಕಾಲ್ ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’ ಎನ್ನುತ್ತಾನೆ. ಕೊನೆಗೆ ‘ಪರಿಶೀಲನೆಗಾಗಿ’ ಹಣವನ್ನು ಬೇರೆ ಖಾತೆಗೆ ಹಾಕಿಸುತ್ತಾನೆ.

ಜನ ಯಾಕೆ ನಂಬುತ್ತಾರೆ?

ಇದಕ್ಕೆ ದಡ್ಡತನ ಕಾರಣವಲ್ಲ. ಬೆಳಗಾವಿಯ ರವಿವಾರ ಪೇಟೆಯ ಅಂಗಡಿಗಳಲ್ಲಿ ಈಗ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತೇವೆ. ಬ್ಯಾಂಕ್ ಫೋನಿಗೆ ಬಂದಿದೆ. ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ನೋಡಲು ಸಿಗುತ್ತದೆ. ಕೋರ್ಟಿನ ಸಮನ್ಸ್ ಅನ್ನೂ ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಲು ಹೊಸ ಕಾನೂನಿನಲ್ಲಿ ಅವಕಾಶವಿದೆ. ಇಷ್ಟೆಲ್ಲ ಫೋನಿಗೆ ಬಂದ ಮೇಲೆ ಅರೆಸ್ಟ್ ಕೂಡ ಬಂದಿರಬಹುದು ಎಂದು ಯಾರಿಗಾದರೂ ಅನಿಸಬಹುದು. ಮೋಸಗಾರರು ಬಳಸಿಕೊಳ್ಳುವುದು ಇದನ್ನೇ.

ಇನ್ನೊಂದು ಕಾರಣವೂ ಇದೆ. ಪೊಲೀಸರು ಮನೆ ಬಾಗಿಲಿಗೆ ಬಂದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತದೆ, ಯಾರಾದರೂ ಜೊತೆಗೆ ನಿಲ್ಲುತ್ತಾರೆ. ವಿಡಿಯೊ ಕಾಲ್‌ನಲ್ಲಿ ಮನುಷ್ಯ ಒಬ್ಬಂಟಿಯಾಗುತ್ತಾನೆ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ ಪ್ರಕಾರ, ವ್ಯಕ್ತಿ ತಾನಾಗಿ ಶರಣಾಗದಿದ್ದರೆ ಪೊಲೀಸರು ಆತನನ್ನು ಮೈಮುಟ್ಟಿ ಹಿಡಿಯಬೇಕು. ಬಂಧನದ ವಿಷಯವನ್ನು ಆತನ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಗಮನಿಸಿ: ಮನೆಯವರಿಗೆ ಹೇಳಲೇಬೇಕು ಎನ್ನುತ್ತದೆ ಕಾನೂನು. ಹೇಳಬಾರದು ಎನ್ನುತ್ತಾನೆ ಮೋಸಗಾರ. ವಿಚಾರಣೆಗೆ ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲೇ ಹೇಳಿದೆ.

ಇಂಥ ಕರೆ ಬಂದರೆ ಏನು ಮಾಡಬೇಕು?

• ಕಾಲ್ ಕಟ್ ಮಾಡಿ. ಕಟ್ ಮಾಡಿದ್ದಕ್ಕೆ ಯಾವ ಕೇಸೂ ಆಗುವುದಿಲ್ಲ.
• ತಕ್ಷಣ ಮನೆಯವರಿಗೋ ನೆರೆಯವರಿಗೋ ಹೇಳಿ. ಸಂಶಯವಿದ್ದರೆ ಹತ್ತಿರದ ಠಾಣೆಗೆ ಹೋಗಿ ಕೇಳಿ.
• ‘ಪರಿಶೀಲನೆ’ಗಾಗಿ ಯಾವ ಇಲಾಖೆಯೂ ನಿಮ್ಮ ಹಣವನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ.
• ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲೇ ದೂರು ಕೊಟ್ಟರೆ ಬ್ಯಾಂಕ್ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.
• ಕರೆ ಬಂದ ನಂಬರ್, ಸ್ಕ್ರೀನ್‌ಶಾಟ್, ಹಣ ಕಳಿಸಿದ ವಿವರ ಅಳಿಸಬೇಡಿ. ದೂರಿಗೆ ಬೇಕಾಗುತ್ತವೆ.

ಮಕ್ಕಳು ಪುಣೆ, ಬೆಂಗಳೂರು ಸೇರಿ ಊರಲ್ಲಿ ಹಿರಿಯರಷ್ಟೇ ಉಳಿದ ಮನೆಗಳು ಬಹಳ. ಈ ಬರಹವನ್ನು ಅವರಿಗೆ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ, ಒಮ್ಮೆ ಫೋನ್ ಮಾಡಿ ಬಿಡಿಸಿ ಹೇಳಿ. ಈಗಾಗಲೇ ಹಣ ಕಳೆದುಕೊಂಡಿದ್ದರೆ ಬೈಯಬೇಡಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಷ್ಟೂ ಅಪಾಯ ಹೆಚ್ಚು. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.