ಅಪ್ಪಯ್ಯನ ಮೇಜಿನ ಗುಳಿ

ಅಪ್ಪಯ್ಯನ ಮೇಜಿನ ಮೇಲೆ ಎಲ್ಲಿ ಗೋಲಿ ಇಟ್ಟರೂ ಹಲಗೆಯ ನಡುವಿಗೇ ಉರುಳಿ ಬಂದು ನಿಲ್ಲುತ್ತಿತ್ತು. ಸಾಗರದ ಕಡೆಯ ನಮ್ಮ ಮನೆಗೆ ಅಟ್ಟ ಹಾಕಿಸಿ ಉಳಿದ ಎರಡು ಹಲಸಿನ ಹಲಗೆಗಳನ್ನು ಅವರೇ ಅಡ್ಡಪಟ್ಟಿಗೆ ಮೊಳೆ ಹೊಡೆದು ಕೂರಿಸಿ, ನಾಲ್ಕು ಕಾಲು ಕೊಟ್ಟಿದ್ದರು. ಬರೆಯಲು ಕೂತರೆ ಪೆನ್ನು ಹಳ್ಳಕ್ಕಿಳಿದು ಗುಡ್ಡ ಹತ್ತಬೇಕು.

ಆಷಾಢದಲ್ಲಿ ಮರಗೆಲಸದ ಆಚಾರ್ರನ್ನು ಕರೆಸಿದೆ. ಬಂದವರೇ ಕುಕ್ಕರುಗಾಲಲ್ಲಿ ಕೂತು ಹಲಗೆಯ ತುದಿ ನೋಡಿದರು. ಮರದ ಉಂಗುರಗಳು ಅಲ್ಲಿ ಕಮಾನಿನಂತೆ ಬಾಗಿದ್ದವು. "ಚೇಗಿನ ಮೈ ಕೆಳಗಾಯ್ತಲ್ಲ ತಂಗೀ" ಅಂದರು.

ಚೇಗು, ಅಂದರೆ ತಿರುಳಿನ ಕಡೆಯ ಗಟ್ಟಿ ಮರ, ಕೆಳಗಾಗಿ ತೊಗಟೆ ಕಡೆ ಮೇಲಾಗಿತ್ತು. ಗುಳಿಯ ಹುಟ್ಟು ಅಲ್ಲಿತ್ತು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಕುಗ್ಗುತ್ತದೆ; ಅದರಲ್ಲೂ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಾಗಾಗಿ ತೊಗಟೆ ಕಡೆಯ ಮೈ ಹೆಚ್ಚು ಸೆಳೆದುಕೊಂಡು ಅಂಚುಗಳು ಮೇಲೇಳುತ್ತವೆ. ಸಾಲದ್ದಕ್ಕೆ ಅಪ್ಪಯ್ಯ ಕಾಣುವ ಮೈಗೆ ಮಾತ್ರ ವಾರ್ನಿಶ್ ಬಳಿದಿದ್ದರು. ಮಲೆನಾಡಿನ ಮಳೆಗಾಲದ ಥಂಡಿಯನ್ನೆಲ್ಲ ಬರಿಮೈಯ ಅಡಿಭಾಗ ಹೀರಿ ಹಿಗ್ಗುತ್ತಿತ್ತು. ಮೊಳೆ ಬಿಗಿದ ಹಲಗೆಗೆ ಅತ್ತಿತ್ತ ಸರಿಯಲು ಜಾಗವಿಲ್ಲದೆ ಒಂದು ಕಡೆ ಸೀಳೂ ಬಿಟ್ಟಿತ್ತು.

"ಈಗ ಹೆರೆದರೆ ಒಣಗಿದ ಮೇಲೆ ಮತ್ತೆ ಡೊಂಕು. ದೀಪಾವಳಿ ಕಳೀಲಿ" ಎಂದು ಹೋದವರು ನಿಜಕ್ಕೂ ದೀಪಾವಳಿ ಕಳೆದೇ ಬಂದರು. ಆಚಾರಿಗಳ ವಾಯಿದೆ ಹೀಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಹಲಗೆ ಕಿತ್ತು ಮಗುಚಿ ಹಾಕಿದರು. ಗುಳಿ ಕೆಳಗೆ ಹೋಯಿತು, ಡುಬ್ಬ ಮೇಲೆ ಬಂತು. ಎರಡೂ ತುದಿಗೆ ಒಂದೊಂದು ನೇರ ಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಹಲಗೆ ತಿರುಚಿದ್ದರೆ ಪಟ್ಟಿಗಳ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಮೈತುಂಬ ಪೆನ್ಸಿಲ್ ಗೀಟು ಎಳೆದು ಹತ್ತರಿ ಹಿಡಿದರು. ಮೊದಲು ಓರೆಯಾಗಿ, ಆಮೇಲೆ ಎಳೆಯ ಗುಂಟ. ಗೀಟು ಉಳಿದ ಕಡೆ ತಗ್ಗು ಎಂದು ಲೆಕ್ಕ. ಎರಡು ನೂಲು, ಅಂದರೆ ಕಾಲು ಇಂಚು ಹೋಯಿತು. ಅಡಿಯಲ್ಲಿ ಅಡ್ಡಪಟ್ಟಿ ಕೂರುವಷ್ಟು ಜಾಗ ಮಾತ್ರ ಸಮ ಮಾಡಿದರು. ಅಕ್ಕ ಕೈವಾರದಲ್ಲಿ ಕೊರೆದಿದ್ದ ಮಗ್ಗಿ ಅಲ್ಲಿ ಹಾಗೇ ಇದೆ. ಮೊಳೆಯ ಬದಲು ಸ್ಕ್ರೂ, ಅದಕ್ಕೆ ಪಟ್ಟಿಯಲ್ಲಿ ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು. ಹಲಗೆ ಹಿಗ್ಗಿದರೆ ಸ್ಕ್ರೂ ಅದರೊಳಗೆ ಸರಿದಾಡಬಹುದು.

ಕಂದು ಮೇಜು ಅರಿಸಿನ ಬಳಿದಂತೆ ಹಳದಿಯಾಗಿತ್ತು. ನನಗೆ ಗಾಬರಿ. ಆದರೆ ಹೊಸದಾಗಿ ಹೆರೆದ ಹಲಸಿನ ಬಣ್ಣವೇ ಅದು. ಆಗ್ನೇಯ ಏಷ್ಯಾದಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕಲು ಕುದಿಸುತ್ತ ಬಂದದ್ದು ಇದೇ ಹಲಸಿನ ಚೇಗಿನ ಚಕ್ಕೆ. ಬೆಳಕು ತಾಗುತ್ತ ತಾಗುತ್ತ ಮತ್ತೆ ಕಂದಾಗುತ್ತದೆ.

80, 120, 220ರ ಮರಳುಕಾಗದದಲ್ಲಿ ಸಾಲಾಗಿ ತಿಕ್ಕಿದ ಮೇಲೆ, ಸ್ಪಿರಿಟ್‌ನಲ್ಲಿ ಕರಗಿಸಿದ ಚಪಡಾ ಅರಗನ್ನು ಬಟ್ಟೆಯುಂಡೆಯಲ್ಲಿ ತೆಳ್ಳಗೆ ಎಳೆದರು, ಈ ಸಲ ಅಡಿಗೂ. ತೇವದ ಹವೆಯಲ್ಲಿ ಅರಗು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ದೀಪಾವಳಿಗೆ ಕಾದದ್ದಕ್ಕೆ ಇದೂ ಕಾರಣ. ಪಾಂಡವರ ಅರಗಿನ ಮನೆಯ ಅರಗೇ ಇದು, ಬಿಸಿ ತಡೆಯುವುದಿಲ್ಲ. ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಬೀಳುತ್ತದೆ. ಮೂರನೇ ದಿನವೇ ಬಿತ್ತು, ನನ್ನದೇ ಲೋಟ.

ಕೊನೆಗೆ ಕಾಲು. ಕಿಟಕಿ ಬಳಿ ಮೇಜಿಟ್ಟು, ಚಕ್ಕೆ ಕೊಟ್ಟು, ರಸಮಟ್ಟದ ಗುಳ್ಳೆ ನಡುವಿಗೆ ಬರುವಂತೆ ಮಾಡಿದರು. ಒಂದೇ ಮರದ ತುಂಡನ್ನು ನೆಲದ ಮೇಲೆ ಸರಿಸುತ್ತ ನಾಲ್ಕೂ ಕಾಲಿಗೆ ಗೀಟು ಹಾಕಿ ಕೊಯ್ದರು. ನಮ್ಮದು ಹಳೇ ಕಾವಿ ನೆಲ, ಅದರದ್ದೂ ಏರುತಗ್ಗು ಇದೆಯಲ್ಲ. ಕಾಲು ಆ ನೆಲಕ್ಕೇ ಸರಿಯಾದವು. ಮೇಜನ್ನು ಒಂದು ಗೇಣು ಸರಿಸಿದರೂ ಕುಂಟುತ್ತದೆ. ಕಸ ಗುಡಿಸುವಾಗ ಗೊತ್ತಾಗಲೆಂದು ನೆಲದ ಮೇಲೆ ನಾಲ್ಕು ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದೇನೆ.