ಕ್ಷಿಪಣಿ ಗುರಾಣಿ ಮತ್ತು ಅನಿಲದ ಲೆಕ್ಕಾಚಾರ

2007ರ ಆರಂಭದಲ್ಲಿ ಅಮೆರಿಕವು ಪೋಲೆಂಡ್‌ನಲ್ಲಿ ಹತ್ತು ಪ್ರತಿಬಂಧಕ ಕ್ಷಿಪಣಿಗಳನ್ನೂ ಜೆಕ್ ಗಣರಾಜ್ಯದಲ್ಲಿ ಒಂದು ರೇಡಾರ್ ಕೇಂದ್ರವನ್ನೂ ಸ್ಥಾಪಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ಇರಾನಿನ ದೂರಗಾಮಿ ಕ್ಷಿಪಣಿಗಳಿಂದ ಯುರೋಪನ್ನೂ ತನ್ನನ್ನೂ ರಕ್ಷಿಸಿಕೊಳ್ಳುವುದೇ ಉದ್ದೇಶ ಎಂದು ಅದು ಹೇಳಿತು. ತನ್ನ ಅಣ್ವಸ್ತ್ರ ಬಲವನ್ನು ನಿಷ್ಫಲಗೊಳಿಸುವ ಹುನ್ನಾರವಿದು ಎಂದು ರಷ್ಯಾ ಗುಡುಗಿತು. ಅರ್ಥಶಾಸ್ತ್ರ ಓದಿದವನಾದ ನನಗೆ ಈ ಎರಡೂ ವಾದಗಳು ಅಂಕಿಗಳ ಮುಂದೆ ನಿಲ್ಲುವಂತೆ ಅಂದೂ ಕಾಣಲಿಲ್ಲ, ಇಂದೂ ಕಾಣುತ್ತಿಲ್ಲ.

ಇರಾನ್ ಬಳಿ ಆಗ ಇದ್ದ ಶಹಾಬ್-3 ಕ್ಷಿಪಣಿಯ ವ್ಯಾಪ್ತಿ ಗರಿಷ್ಠ ಅಂದಾಜಿನಲ್ಲೂ ಎರಡು ಸಾವಿರ ಕಿ.ಮೀ. ಆಸುಪಾಸು. ಅದು ವಾರ್ಸಾ ನಗರವನ್ನೇ ಮುಟ್ಟಲಾರದು; ಅಟ್ಲಾಂಟಿಕ್ ದಾಟುವ ಮಾತಂತೂ ದೂರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗಳೇ, ಇರಾನ್ ತನ್ನ ಅಣ್ವಸ್ತ್ರ ಕಾರ್ಯಕ್ರಮವನ್ನು 2003ರಲ್ಲಿ ನಿಲ್ಲಿಸಿದೆ ಎಂದು ವರದಿ ನೀಡಿದವು. ಮುಂದಿನ ದಶಕದ ಅಪಾಯಕ್ಕೆ ಈಗಲೇ ಸಿದ್ಧತೆ ಎಂಬುದು ವಾಷಿಂಗ್ಟನ್ನಿನ ಸಮರ್ಥನೆಯಾಗಿತ್ತು. ಇತ್ತ ರಷ್ಯಾದ ಬತ್ತಳಿಕೆಯಲ್ಲಿ ಸಾವಿರಾರು ಸಿಡಿತಲೆಗಳಿದ್ದವು. ಹತ್ತು ಪ್ರತಿಬಂಧಕಗಳು ಅವುಗಳ ಮುಂದೆ ಯಾವ ಲೆಕ್ಕ? ಆದರೂ ಮಾಸ್ಕೋದ ಆತಂಕ ನಿರಾಧಾರವೆನ್ನಲಾಗದು. 1972ರ ಕ್ಷಿಪಣಿ ನಿರೋಧಕ ಒಪ್ಪಂದದಿಂದ ಅಮೆರಿಕವು 2002ರ ಜೂನ್‌ನಲ್ಲಿ ಏಕಪಕ್ಷೀಯವಾಗಿ ಹೊರಬಂದಿತ್ತು. ಮಿತಿ ಹೇರುವ ಕಾಗದವೇ ಇಲ್ಲವಾದ ಮೇಲೆ ಇಂದಿನ ಹತ್ತು ನಾಳೆ ನೂರಾಗದೆಂದು ಯಾರು ಖಾತರಿ ಕೊಡುತ್ತಾರೆ?

ಮೂರು ದಶಕಗಳ ಕಾಲ ಕಡತಗಳ ನಡುವೆ ಕುಳಿತವನಾಗಿ ಹೇಳುವುದಾದರೆ, ಯಾವುದೇ ಯೋಜನೆಯ ನಿಜವಾದ ಉದ್ದೇಶ ಅದರ ಪೀಠಿಕೆಗಿಂತ ಹೆಚ್ಚಾಗಿ ಸ್ಥಳದ ಆಯ್ಕೆಯಲ್ಲಿ ಕಾಣಸಿಗುತ್ತದೆ. 2007ರ ಜೂನ್‌ನಲ್ಲಿ ಪುಟಿನ್ ಒಂದು ಜಾಣ ಪ್ರಸ್ತಾವ ಮಾಡಿದರು: ಇರಾನಿನ ನೆರೆಯ ಅಜರ್‌ಬೈಜಾನ್‌ನ ಗಬಾಲಾದಲ್ಲಿ ರಷ್ಯಾ ಬಳಸುತ್ತಿದ್ದ ರೇಡಾರ್ ಕೇಂದ್ರವನ್ನು ಇಬ್ಬರೂ ಸೇರಿ ಉಪಯೋಗಿಸೋಣ. ಅಮೆರಿಕ ಅದನ್ನು ಪರ್ಯಾಯವೆಂದು ಒಪ್ಪಲಿಲ್ಲ. ಗಬಾಲಾದ ಹಳೆಯ ರೇಡಾರ್ ಮುನ್ನೆಚ್ಚರಿಕೆ ನೀಡಬಲ್ಲದೇ ಹೊರತು ಪ್ರತಿಬಂಧಕಗಳಿಗೆ ಗುರಿ ತೋರಿಸಲಾರದು ಎಂಬ ತಾಂತ್ರಿಕ ಉತ್ತರದಲ್ಲಿ ಸತ್ಯಾಂಶವಿತ್ತು. ಆದರೆ ಪೋಲೆಂಡ್‌ಗೆ ಬೇಕಾಗಿದ್ದುದು ತನ್ನ ನೆಲದ ಮೇಲೆ ಅಮೆರಿಕದ ಸೈನಿಕರು. ಕ್ಷಿಪಣಿ ಅವರನ್ನು ಕರೆತರುವ ನೆಪ. ಅಮೆರಿಕಕ್ಕೂ ಹಳೆಯ ವಾರ್ಸಾ ಒಕ್ಕೂಟದ ಅಂಗಳದಲ್ಲಿ ಕಾಯಂ ನೆಲೆ ಬೇಡವಾಗಿರಲಿಲ್ಲ.

ಇದೇ ಭೂಪಟದ ಮೇಲೆ ಕೊಳವೆ ಮಾರ್ಗಗಳನ್ನು ಎಳೆದು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕ್ಯಾಸ್ಪಿಯನ್ ತೈಲವನ್ನು ರಷ್ಯಾ ಮತ್ತು ಇರಾನ್ ಎರಡನ್ನೂ ಬಳಸಿ ಮೆಡಿಟರೇನಿಯನ್‌ಗೆ ಸಾಗಿಸುವ 1,768 ಕಿ.ಮೀ. ಉದ್ದದ ಬಾಕು-ತ್ಬಿಲಿಸಿ-ಜೇಹಾನ್ ಮಾರ್ಗ 2006ರಲ್ಲಿ ಕಾರ್ಯಾರಂಭ ಮಾಡಿತು. ಅದರ ಹಿಂದೆ ಅಮೆರಿಕದ ರಾಜತಾಂತ್ರಿಕ ಒತ್ತಾಸೆ ಬಹಿರಂಗವಾಗಿಯೇ ಇತ್ತು. ಅದೇ ವರ್ಷದ ಜನವರಿಯಲ್ಲಿ ರಷ್ಯಾ ದರದ ಜಗಳ ತೆಗೆದು ಉಕ್ರೇನ್‌ಗೆ ಅನಿಲ ನಿಲ್ಲಿಸಿತು. 2009ರ ಜನವರಿಯಲ್ಲಿ ಮತ್ತೆ ಸುಮಾರು ಎರಡು ವಾರ ಕೊಳವೆ ಬಂದ್ ಆದಾಗ ಪೂರ್ವ ಯುರೋಪ್ ಕೊರೆಯುವ ಚಳಿಯಲ್ಲಿ ನಡುಗಿತು.

ಉಕ್ರೇನ್, ಪೋಲೆಂಡ್‌ಗಳನ್ನು ತಪ್ಪಿಸಿ ಬಾಲ್ಟಿಕ್ ಸಮುದ್ರದ ತಳದಲ್ಲಿ ನೇರವಾಗಿ ಜರ್ಮನಿಗೆ ಹೋಗುವ ನಾರ್ಡ್ ಸ್ಟ್ರೀಮ್ ಒಪ್ಪಂದಕ್ಕೆ 2005ರ ಸೆಪ್ಟೆಂಬರ್‌ನಲ್ಲಿ ಸಹಿ ಬಿದ್ದಿತ್ತು. ಅದಕ್ಕೆ ಸಾಕ್ಷಿಯಾಗಿದ್ದ ಚಾನ್ಸಲರ್ ಷ್ರೋಡರ್, ಅಧಿಕಾರದಿಂದ ಇಳಿದ ಕೆಲವೇ ವಾರಗಳಲ್ಲಿ ಆ ಕಂಪನಿಯ ಉನ್ನತ ಹುದ್ದೆ ಒಪ್ಪಿಕೊಂಡರು. (ನಮ್ಮಂಥ ಅಧಿಕಾರಿಗಳು ನಿವೃತ್ತಿಯಾದ ಕೂಡಲೇ ಖಾಸಗಿ ಕಂಪನಿ ಸೇರಬೇಕೆಂದರೆ ಸರ್ಕಾರದ ಅನುಮತಿಗೆ ಅರ್ಜಿ ಹಾಕಿಕೊಂಡು ಕಾಯಬೇಕು!) ಪೋಲೆಂಡ್‌ನ ಅಂದಿನ ರಕ್ಷಣಾ ಸಚಿವ ಸಿಕೋರ್ಸ್ಕಿ ಈ ಯೋಜನೆಯನ್ನು 1939ರ ಹಿಟ್ಲರ್-ಸ್ಟಾಲಿನ್ ಒಪ್ಪಂದಕ್ಕೆ ಹೋಲಿಸಿದರು. ಕ್ಷಿಪಣಿಗೆ ಜಾಗ ಕೊಡಲು ಮುಂದಾದ ದೇಶ, ಅನಿಲದ ವಿಷಯದಲ್ಲಿ ತನ್ನನ್ನು ಬದಿಗೊತ್ತಲಾಗಿದೆ ಎಂದು ಕುದಿಯುತ್ತಿದ್ದ ದೇಶವೂ ಆಗಿತ್ತು. 2008ರ ಆಗಸ್ಟ್‌ನಲ್ಲಿ ರಷ್ಯಾದ ಟ್ಯಾಂಕುಗಳು ಜಾರ್ಜಿಯಾದೊಳಗೆ ನುಗ್ಗಿದವು. ತಿಂಗಳುಗಟ್ಟಲೆ ಎಳೆದಾಡುತ್ತಿದ್ದ ಪೋಲೆಂಡ್-ಅಮೆರಿಕ ಮಾತುಕತೆ ಆ ತಿಂಗಳ 20ರಂದೇ ಸಹಿಯಲ್ಲಿ ಮುಗಿಯಿತು.

ಎಲ್ಲವೂ ತೈಲಕ್ಕಾಗಿಯೇ ಎಂದು ಷರಾ ಬರೆದು ಕಡತ ಮುಚ್ಚುವವರ ಜತೆ ನನಗೆ ಸಹಮತವಿಲ್ಲ. ಕ್ಷಿಪಣಿಗಳು ಕೊಳವೆಗಳನ್ನು ಕಾಯುವುದಿಲ್ಲ. ಆದರೆ ಯುರೋಪಿನ ಒಲೆಗೆ ಅನಿಲ ಒದಗಿಸುವವನು ಅದರ ವಿದೇಶಾಂಗ ನೀತಿಯ ಮೇಲೂ ಹಿಡಿತ ಸಾಧಿಸುತ್ತಾನೆ ಎಂಬ ಭಯವೂ, ಆ ಹಿಡಿತಕ್ಕೆ ಸೈನಿಕ ಸಾನ್ನಿಧ್ಯವೇ ಎದುರೇಟು ಎಂಬ ತರ್ಕವೂ ಒಂದೇ ಬೇರಿನವು.

ಒಬಾಮ ಆ ಯೋಜನೆಯನ್ನು 2009ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟರಾದರೂ ಅದು ಬೇರೆ ರೂಪದಲ್ಲಿ ಬಂತು. ರುಮೇನಿಯಾದ ದೆವೆಸೆಲು ನೆಲೆ 2016ರಲ್ಲೂ ಪೋಲೆಂಡ್‌ನ ರೆಜಿಕೋವೊ ನೆಲೆ 2024ರಲ್ಲೂ ಉದ್ಘಾಟನೆಗೊಂಡವು. 2021ರಲ್ಲಿ ಐರೋಪ್ಯ ಒಕ್ಕೂಟದ ಅನಿಲ ಆಮದಿನಲ್ಲಿ ಶೇ 40ಕ್ಕೂ ಹೆಚ್ಚು ರಷ್ಯಾದ್ದಾಗಿತ್ತು. 2022ರಲ್ಲಿ ಉಕ್ರೇನ್ ಮೇಲೆ ಆಕ್ರಮಣವಾಯಿತು, ನಾರ್ಡ್ ಸ್ಟ್ರೀಮ್ ಸಮುದ್ರದಡಿ ಸ್ಫೋಟಗೊಂಡಿತು. 2023ರಲ್ಲಿ ಒಕ್ಕೂಟ ಕೊಂಡ ದ್ರವೀಕೃತ ಅನಿಲದ ಅರ್ಧದಷ್ಟು ಅಮೆರಿಕದಿಂದ ಬಂದಿತ್ತು. ಯುದ್ಧ ಆರಂಭಿಸಿ ತನ್ನ ಅತಿದೊಡ್ಡ ಗ್ರಾಹಕನನ್ನು ಎದುರಾಳಿಗೆ ಒಪ್ಪಿಸಿದ್ದು ಸ್ವತಃ ಮಾಸ್ಕೋ ಎಂಬುದನ್ನು ಮರೆಯಲಾಗದು.

ನಮ್ಮ ಕಥೆ ಏನು? 2001ರ ಮೇನಲ್ಲಿ ಬುಷ್ ಅವರ ಕ್ಷಿಪಣಿ ರಕ್ಷಣಾ ಭಾಷಣವನ್ನು ಆತುರದಿಂದ ಸ್ವಾಗತಿಸಿದ ದೇಶಗಳಲ್ಲಿ ಭಾರತವೂ ಒಂದು. 2018ರಲ್ಲಿ ರಷ್ಯಾದ ಎಸ್-400 ಕ್ಷಿಪಣಿ ನಿರೋಧಕಗಳನ್ನು ಕೊಳ್ಳಲು ಸಹಿ ಹಾಕಿದೆವು. 2022ರ ಬಳಿಕ ರಷ್ಯಾದ ರಿಯಾಯಿತಿ ತೈಲ ನಮ್ಮ ಆಮದಿನ ಮೂರನೇ ಒಂದು ಭಾಗವನ್ನೂ ಮೀರಿತು. ಅದಕ್ಕಾಗಿ ಅಮೆರಿಕ 2025ರ ಆಗಸ್ಟ್‌ನಲ್ಲಿ ಶೇ 25ರ ಹೆಚ್ಚುವರಿ ಸುಂಕ ವಿಧಿಸಿತು. ಎರಡೂ ಕಡೆ ವ್ಯವಹರಿಸುವ ನಮ್ಮ ನೀತಿ ಸರಿಯಾದುದೇ. ಆದರೆ ಒತ್ತಡ ಬಂದಾಗ ತಡೆದುಕೊಳ್ಳಲು ದಾಸ್ತಾನು ಬೇಕು. ಮೊದಲ ಹಂತದಲ್ಲಿ ನಿರ್ಮಿಸಿದ ಆಪತ್ಕಾಲೀನ ಭೂಗತ ಸಂಗ್ರಹಾಗಾರಗಳ ಸಾಮರ್ಥ್ಯ 53.3 ಲಕ್ಷ ಟನ್, ಅದರಲ್ಲಿ 40 ಲಕ್ಷ ಟನ್ ನಮ್ಮ ಮಂಗಳೂರು ಮತ್ತು ಪಾದೂರಿನಲ್ಲಿ. ಪೂರ್ತಿ ತುಂಬಿದರೂ ದೇಶಕ್ಕೆ ಹತ್ತು ದಿನವೂ ಸಾಲದು. 2018ರಲ್ಲಿ ತಾತ್ವಿಕ ಒಪ್ಪಿಗೆ ಪಡೆದ ಎರಡನೇ ಹಂತ 2025 ಮುಗಿದಾಗಲೂ ಪೂರ್ಣಗೊಂಡಿರಲಿಲ್ಲ. ಕ್ಷಿಪಣಿ ಖರೀದಿಯ ಕಡತಕ್ಕಿದ್ದ ವೇಗ ಈ ಕಡತಕ್ಕೆ ಏಕಿಲ್ಲ ಎಂದು ಸಂಸತ್ತಿನಲ್ಲಿ ಯಾರಾದರೂ ಕೇಳಬೇಕು.